ಅತ್ತೆಯ ಮಂಡಿ, ಮಕ್ಕಳ ಹಸಿವು, ಮೈಸೂರಿನ ಬಸ್ಸು: ಕಾರಿಲ್ಲದೆ ಎರಡು ದಿನದ ಪ್ರವಾಸ

"ಬಸ್ಸಿನಲ್ಲಿ ನನಗೇನೂ ಆಗಲಿಲ್ಲ. ಬಸ್ಸಿನ ತನಕ ಹೋಗುವುದರಲ್ಲೇ ಮಂಡಿ ಹೋಯಿತು." ನಮ್ಮತ್ತೆ ಹೀಗೆಂದದ್ದು ಮೈಸೂರಿನ ನಗರ ಬಸ್ ನಿಲ್ದಾಣದಲ್ಲಿ ಕುಳಿತು, ಪಾದ ತಿಕ್ಕಿಕೊಳ್ಳುತ್ತಾ. ಅಂದು ಒಂದೇ ದಿನದಲ್ಲಿ ಅರಮನೆ, ಮೃಗಾಲಯ, ಬೆಟ್ಟ ಮೂರನ್ನೂ ಮುಗಿಸಿಬಿಡುವ ಹುಮ್ಮಸ್ಸಿನಲ್ಲಿ ಬೆಂಗಳೂರಿನಿಂದ ಹೊರಟಿದ್ದೆವು. ಎರಡನೆಯದು ಮುಗಿಯುವಷ್ಟರಲ್ಲಿ ನಾಲ್ಕು ವರ್ಷದ ಮಗ ರಸ್ತೆಯಂಚಿನಲ್ಲಿ ಕುಳಿತವನು ಏಳಲೊಲ್ಲ. ಬೆಟ್ಟವನ್ನು ದೂರದಿಂದಲೇ ನೋಡಿ, ಕೈ ಮುಗಿದು ವಾಪಸು ಬಂದೆವು.

ಮುಂದಿನ ಸಲ ಹೋದಾಗ ಲೆಕ್ಕವನ್ನೇ ತಿರುಗಿಸಿ ಹಾಕಿದೆ. ಐದು ಜನರ ಮನೆ ನಮ್ಮದು: ನಾನು, ಗಂಡ, ಅತ್ತೆ, ಎಂಟು ವರ್ಷದ ಮಗಳು, ಈ ಮಗ. ನಿಮ್ಮ ಮನೆಯಲ್ಲೂ ಒಬ್ಬ ಹಿರಿಯರು, ಒಂದಿಬ್ಬರು ಮಕ್ಕಳು ಇದ್ದರೆ ಕೆಳಗಿನ ಏರ್ಪಾಡು ಹೆಚ್ಚುಕಡಿಮೆ ಹಾಗೆಯೇ ಹೊಂದುತ್ತದೆ.

ಮೊದಲು ಒಂದು ಹಾಳೆ

ಹಾಳೆಯ ನಡುವೆ ಒಂದು ಗೆರೆ ಎಳೆಯಿರಿ. ಎಡಕ್ಕೆ ಕುಳಿತಿರುವ ಹೊತ್ತು, ಬಲಕ್ಕೆ ನಿಂತಿರುವ ಮತ್ತು ನಡೆಯುವ ಹೊತ್ತು. ಮನೆಯ ಬಾಗಿಲಿನಿಂದ ಶುರುಮಾಡಿ ಒಂದೊಂದು ಹಂತವನ್ನೂ ಬರೆಯುತ್ತಾ ಹೋಗಿ. ಕಾರಿನಲ್ಲಿ ಹೋಗುವವರಿಗೆ ಕಿಲೋಮೀಟರಿನ ಲೆಕ್ಕ ಸಾಕು, ಬಸ್ಸಿನವರಿಗೆ ಸಾಲದು. ಮೃಗಾಲಯವೆಂದರೆ ಬಸ್ಸಿನಲ್ಲಿ ಹತ್ತು ಹದಿನೈದು ನಿಮಿಷ, ಒಳಗೆ ಕಾಲ ಮೇಲೆ ಮೂರು ಗಂಟೆ. ಬೆಟ್ಟ ಇದಕ್ಕೆ ತದ್ವಿರುದ್ಧ: ಬಸ್ಸಿನಲ್ಲಿ ಅರ್ಧ ಗಂಟೆ, ಮೇಲೆ ನಡಿಗೆ ಕಡಿಮೆ. ನಕ್ಷೆ ನೋಡಿದಾಗ ಬೆಟ್ಟವೇ ಕಷ್ಟದ್ದೆಂದು ಕಾಣುತ್ತದೆ. ಹಾಳೆಯಲ್ಲಿ ಬರೆದಾಗ ಮೃಗಾಲಯವೇ ನಿಜವಾದ ಬೆಟ್ಟವೆಂದು ತಿಳಿಯುತ್ತದೆ.

ಬಲಗಡೆಯ ಅಂಕಿಯನ್ನು ಮನೆಯಲ್ಲಿ ಎಲ್ಲರಿಗಿಂತ ಬೇಗ ದಣಿಯುವವರನ್ನು ನೆನೆದು ಬರೆಯಬೇಕು. ಅವರು ಸಾಮಾನ್ಯವಾಗಿ ಹಿರಿಯರೇ ಎಂದುಕೊಳ್ಳುತ್ತೇವೆ. ನಮ್ಮಲ್ಲಿ ಅತ್ತೆಗಿಂತ ಮೊದಲು ಮಗ ಕೈಚೆಲ್ಲುತ್ತಾನೆ. ಹಾಳೆ ತುಂಬಿದ ಮೇಲೆ ಒಂದು ನಿಯಮ ಇಟ್ಟುಕೊಂಡೆವು: ದಿನಕ್ಕೆ ಬಲಗಡೆ ಭಾರವಿರುವ ಜಾಗ ಒಂದೇ, ಅದೂ ಬೆಳಗಿನ ಹೊತ್ತು. ಸಂಜೆಗೆ ಹಗುರವಾದದ್ದು. ನಡುವೆ ಊಟ, ನಿದ್ದೆ.

ದಿನ ಆರಿಸುವುದು

ಮೈಸೂರಿಗೆ ದಿನ ಆರಿಸುವಾಗ ಎರಡು ವಿಷಯ ಮರೆಯಬಾರದು. ಶ್ರೀ ಚಾಮರಾಜೇಂದ್ರ ಮೃಗಾಲಯಕ್ಕೆ ಮಂಗಳವಾರ ರಜೆ, ಅದಕ್ಕೆ ಅಂಟಿಕೊಂಡಿರುವ ಕಾರಂಜಿ ಕೆರೆಗೂ ಅಂದೇ. ಅರಮನೆಯ ದೀಪಾಲಂಕಾರ ಕಾಣಬೇಕೆಂದರೆ ಭಾನುವಾರ ಅಥವಾ ಸರ್ಕಾರಿ ರಜಾದಿನದ ಸಂಜೆ ಅಲ್ಲಿರಬೇಕು. ಆದ್ದರಿಂದ ಶನಿವಾರ ಬೆಳಗ್ಗೆ ಹೊರಟು ಸೋಮವಾರ ಬೆಳಗ್ಗೆ ಮರಳುವುದು ನನ್ನ ಆಯ್ಕೆ. ಮಗಳ ಶಾಲೆಗೆ ಒಂದು ದಿನದ ರಜೆ ಚೀಟಿ ಬರೆಯಬೇಕಾಗುತ್ತದೆ, ಬರೆದೆ.

ದಸರೆಯ ಹತ್ತು ದಿನ ಈ ಲೆಕ್ಕ ನಡೆಯುವುದಿಲ್ಲ. ಕೋಣೆ ಸಿಗುವುದಿಲ್ಲ, ಸಿಕ್ಕರೆ ಬಾಡಿಗೆ ಕೇಳಿ ಎದೆ ಝಲ್ಲೆನ್ನುತ್ತದೆ. ಆಷಾಢ ಶುಕ್ರವಾರಗಳಂದು ಚಾಮುಂಡಿ ಬೆಟ್ಟಕ್ಕೆ ಬರುವ ಜನಸಾಗರದಲ್ಲಿ ಚಿಕ್ಕ ಮಕ್ಕಳನ್ನು ಕರೆದೊಯ್ಯುವ ಧೈರ್ಯ ನನಗಂತೂ ಇಲ್ಲ.

ಹೋಗುವಾಗ ರೈಲು

ಹೋಗುವಾಗ ರೈಲು, ಬರುವಾಗ ಬಸ್ಸು. ಕಾರಣ ಸರಳ. ಹೋಗುವ ಹೊತ್ತು ನಮ್ಮ ಕೈಯಲ್ಲಿದೆ, ಮೊದಲೇ ಆಸನ ಕಾಯ್ದಿರಿಸಬಹುದು. ಬರುವ ಹೊತ್ತು ಮಕ್ಕಳ ಕೈಯಲ್ಲಿದೆ. ಬಸ್ಸಾದರೆ ಒಂದು ತಪ್ಪಿದರೆ ಇನ್ನೊಂದು.

ಬೆಂಗಳೂರಿನಿಂದ ಮೈಸೂರಿಗೆ ರೈಲಿನಲ್ಲಿ ಸುಮಾರು 140 ಕಿಲೋಮೀಟರ್. ವೇಗದ ರೈಲುಗಳಿಗೆ ಎರಡು ಗಂಟೆಯ ಆಸುಪಾಸು, ಎಲ್ಲ ಊರಲ್ಲೂ ನಿಲ್ಲುವ ರೈಲಿಗೆ ಮೂರು ಗಂಟೆಗೂ ಮೇಲೆ. ಟಿಕೆಟ್ ಹುಡುಕುವಾಗ ರೈಲು ಎಲ್ಲಿಂದ ಹೊರಟು ಬರುತ್ತದೆ ಎಂಬುದನ್ನು ನೋಡಿ. ಬೆಳಗಿನ ಹೊತ್ತು ಬೆಂಗಳೂರು ಹಾಯ್ದು ಮೈಸೂರಿಗೆ ಹೋಗುವ ಕೆಲವು ರೈಲುಗಳು ರಾತ್ರಿಯಿಡೀ ಎಲ್ಲಿಂದಲೋ ಓಡಿ ಬಂದಿರುತ್ತವೆ. ಅಲ್ಲಿ ತಡವಾದರೆ ಇಲ್ಲಿ ನೀವು ಪ್ಲಾಟ್‌ಫಾರ್ಮಿನಲ್ಲಿ ಮಕ್ಕಳನ್ನು ಸಂಭಾಳಿಸಬೇಕು. ಹೆಸರುಗಳೂ ಬದಲಾಗಿವೆ. ಹಳಬರು ಇಂದಿಗೂ ಟಿಪ್ಪು ಎಕ್ಸ್‌ಪ್ರೆಸ್ ಎನ್ನುವ ರೈಲು 2022ರಿಂದ ಒಡೆಯರ್ ಎಕ್ಸ್‌ಪ್ರೆಸ್. ಸಂಜೆ ಹೊರಡುವ ಚಾಮುಂಡಿ ಎಕ್ಸ್‌ಪ್ರೆಸ್ ದಿನವೂ ಕೆಲಸಕ್ಕೆ ಓಡಾಡುವವರ ರೈಲು. ಅದರಲ್ಲಿ ಶುಕ್ರವಾರ ಸಂಜೆ ಮನೆಮಂದಿಯನ್ನೆಲ್ಲ ಹತ್ತಿಸುವ ಸಾಹಸ ಬೇಡ.

ಕಾಯ್ದಿರಿಸುವಿಕೆ ಪ್ರಯಾಣಕ್ಕೆ 60 ದಿನ ಮುಂಚೆ ತೆರೆಯುತ್ತದೆ. ಮಕ್ಕಳ ಟಿಕೆಟ್ ವಿಷಯದಲ್ಲಿ ಹಲವರು ಎಡವುತ್ತಾರೆ. ಐದು ವರ್ಷ ತುಂಬದ ಮಗುವಿಗೆ ಟಿಕೆಟ್ ಬೇಡ, ಆಸನವೂ ಇಲ್ಲ, ಮಡಿಲೇ ಗತಿ. ಐದರಿಂದ ಹನ್ನೆರಡು ವರ್ಷದೊಳಗಿನ ಮಗುವಿಗೆ ಕಾಯ್ದಿರಿಸಿದ ಆಸನ ಬೇಕೆಂದರೆ ಪೂರ್ತಿ ದರ. ಕಾಯ್ದಿರಿಸದ ಬೋಗಿಯಲ್ಲಾದರೆ ಅರ್ಧ. ಹಿರಿಯ ನಾಗರಿಕರಿಗೆ ಇದ್ದ ರಿಯಾಯಿತಿ 2020ರಲ್ಲಿ ನಿಂತದ್ದು ಮತ್ತೆ ಬಂದಿಲ್ಲ. ನಾವು ಸೆಕೆಂಡ್ ಸಿಟಿಂಗ್‌ನಲ್ಲಿ ನಾಲ್ಕು ಆಸನ ತೆಗೆದುಕೊಂಡೆವು. ಹವಾನಿಯಂತ್ರಿತ ಬೋಗಿಯಲ್ಲಿ ಕಿಟಕಿ ತೆರೆಯುವುದಿಲ್ಲ, ಮಕ್ಕಳಿಗೆ ಅರ್ಧ ಪ್ರವಾಸ ಇರುವುದೇ ಕಿಟಕಿಯಲ್ಲಿ. ರಾಮನಗರದ ಬಂಡೆಗಳು, ಮಂಡ್ಯದ ಕಬ್ಬಿನ ಗದ್ದೆ, ಶ್ರೀರಂಗಪಟ್ಟಣದ ಬಳಿ ಸೇತುವೆ ಗಡಗಡ ಎಂದಾಗ ಕೆಳಗೆ ಕಾವೇರಿ. ಮದ್ದೂರು ಬರುವ ಹೊತ್ತಿಗೆ "ವಡೆ, ವಡೆ, ಮದ್ದೂರು ವಡೆ" ಎಂಬ ಕೂಗು. ಕಾಗದದಲ್ಲಿ ಸುತ್ತಿ ಕೊಟ್ಟ ವಡೆಯ ಎಣ್ಣೆ ಮಗಳ ಹೊಸ ಫ್ರಾಕಿಗೆ ಇಳಿದದ್ದನ್ನು ಅವಳು ಮನೆಗೆ ಬರುವವರೆಗೂ ಹೆಮ್ಮೆಯಿಂದ ತೋರಿಸಿದಳು.

ಬೆಂಗಳೂರಿನ ಸಂಗೊಳ್ಳಿ ರಾಯಣ್ಣ ರೈಲು ನಿಲ್ದಾಣಕ್ಕೆ ಮೆಟ್ರೊದಲ್ಲಿ ಬರುವವರು ನೇರಳೆ ಮಾರ್ಗದಲ್ಲಿ ಮೆಜೆಸ್ಟಿಕ್‌ನಲ್ಲಿ ಇಳಿಯದೆ ಮುಂದಿನ, ರೈಲು ನಿಲ್ದಾಣದ ಹೆಸರೇ ಇರುವ ಮೆಟ್ರೊ ನಿಲ್ದಾಣದಲ್ಲಿ ಇಳಿದರೆ ಹಿಂಬದಿಯ ಬಾಗಿಲಿಗೆ ಹತ್ತಿರ. ಮೈಸೂರು ರೈಲು ಎಷ್ಟನೇ ಪ್ಲಾಟ್‌ಫಾರ್ಮಿಗೆ ಬರುತ್ತದೆಂದು ನೋಡಿಕೊಂಡು ಯಾವ ಬಾಗಿಲೆಂದು ತೀರ್ಮಾನಿಸಿ. ಅತ್ತೆಯನ್ನು ಮೇಲ್ಸೇತುವೆ ಹತ್ತಿಸಿ ಇಳಿಸುವ ಮೆಟ್ಟಿಲುಗಳೂ ಹಾಳೆಯ ಬಲಗಡೆಗೇ ಸೇರುತ್ತವೆ.

ಕೋಣೆ

ಎಲ್ಲಕ್ಕಿಂತ ಹೆಚ್ಚು ಯೋಚಿಸಬೇಕಾದದ್ದು ಇಲ್ಲಿ. ಮೈಸೂರಿನಲ್ಲಿ ಮೂರು ನಿಲ್ದಾಣಗಳನ್ನು ನೆನಪಿಡಿ: ರೈಲು ನಿಲ್ದಾಣ, ಅರಮನೆಯ ಬಳಿ ಕೆ.ಆರ್. ವೃತ್ತದ ಪಕ್ಕದ ನಗರ ಬಸ್ ನಿಲ್ದಾಣ, ಬೆಂಗಳೂರು–ನೀಲಗಿರಿ ರಸ್ತೆಯ ಗ್ರಾಮಾಂತರ ಬಸ್ ನಿಲ್ದಾಣ. ಕೊನೆಯದನ್ನು ಊರವರು ಸಬರ್ಬ್ ಎನ್ನುತ್ತಾರೆ. ಆಟೊದವರಿಗೆ ಬರೀ "ಬಸ್ ಸ್ಟ್ಯಾಂಡ್" ಎಂದರೆ ಯಾವುದೆಂದು ಅವರು ಕೇಳುವುದು ಖಂಡಿತ. ಈ ಮೂರರ ನಡುವಿನ ತ್ರಿಕೋನದೊಳಗೆ, ಧನ್ವಂತರಿ ರಸ್ತೆ, ಸಯ್ಯಾಜಿರಾವ್ ರಸ್ತೆ, ಗಾಂಧಿ ಚೌಕದ ಆಸುಪಾಸಿನಲ್ಲಿ ಕೋಣೆ ಹಿಡಿಯಿರಿ. ಊರ ಹೊರಗೆ ಈಜುಕೊಳವಿರುವ ಹೋಟೆಲು ಅದೇ ಬೆಲೆಗೆ ಸಿಗಬಹುದು. ಆದರೆ ಮಧ್ಯಾಹ್ನ ಒಂದು ಗಂಟೆಗೆ ಮಗ ತೂಕಡಿಸಿದಾಗ ಹಾಸಿಗೆ ಹತ್ತು ನಿಮಿಷದಲ್ಲಿ ಸಿಗಬೇಕಾದರೆ ಕೋಣೆ ಊರ ನಡುವೆಯೇ ಇರಬೇಕು. ಕಾರಿನವರಿಗೆ ಹಿಂಬದಿಯ ಸೀಟು ಏನೋ ನಮಗೆ ಈ ಕೋಣೆ ಅದು.

ಫೋನಿನಲ್ಲಿ ಮೂರು ಪ್ರಶ್ನೆ ಕೇಳಿ. ಲಿಫ್ಟ್ ಇದೆಯೇ? ಇಲ್ಲದಿದ್ದರೆ ನೆಲಮಹಡಿಯಲ್ಲಿ ಕೋಣೆ ಕೊಡುತ್ತೀರಾ? ಬಾಡಿಗೆ 24 ಗಂಟೆಯ ಲೆಕ್ಕವೋ, ಮಧ್ಯಾಹ್ನ 12ರ ಲೆಕ್ಕವೋ? ಹಳೆಯ ಲಾಡ್ಜುಗಳಲ್ಲಿ 24 ಗಂಟೆಯ ಪದ್ಧತಿ ಇದ್ದರೆ ಬೆಳಗ್ಗೆ ಹತ್ತಕ್ಕೆ ಬಂದಿಳಿಯುವ ನಮ್ಮಂಥವರಿಗೆ ಅದೇ ಲಾಭ. ಕೋಣೆಯೇ ಬೇಡ, ಒಂದೇ ದಿನ ಸಾಕು ಎನ್ನುವವರು ಚೀಲಗಳನ್ನು ರೈಲು ನಿಲ್ದಾಣದ ಕ್ಲೋಕ್ ರೂಮಿನಲ್ಲಿ ಇಡಬಹುದು. ಚೀಲಕ್ಕೆ ಬೀಗ ಹಾಕಿರಬೇಕು, ಪ್ರಯಾಣದ ಟಿಕೆಟ್ ತೋರಿಸಬೇಕು.

ಚೀಲ

ಚಕ್ರದ ಸೂಟ್‌ಕೇಸು ನಗರ ಬಸ್ಸಿನ ಶತ್ರು. ದೊಡ್ಡವರಿಗೆ ಬೆನ್ನಿಗೊಂದು ಚೀಲ, ಮಗಳಿಗೆ ಅವಳ ಶಾಲೆಯ ಚೀಲ, ಅತ್ತೆಯ ಕೈಗೆ ಏನೂ ಬೇಡ. ಕೈ ಖಾಲಿ ಇದ್ದರೆ ಮಾತ್ರ ಬಸ್ಸಿನ ಕಂಬಿ ಹಿಡಿಯಲು ಆಗುತ್ತದೆ. ಸ್ಟೀಲಿನ ನೀರಿನ ಬಾಟಲಿ ಒಯ್ಯಿರಿ, ಮೃಗಾಲಯದ ಬಾಗಿಲಲ್ಲಿ ಪ್ಲಾಸ್ಟಿಕ್ಕಿನ ತಪಾಸಣೆ ಇದೆ. ಎಲ್ಲರಿಗೂ ಬಕಲ್ ಇಲ್ಲದ, ಬೇಗ ಬಿಚ್ಚುವ ಚಪ್ಪಲಿ. ಅರಮನೆಯಲ್ಲೂ ದೇವಸ್ಥಾನದಲ್ಲೂ ಬಿಡಲೇಬೇಕು. ಬಿಸಿಲಿಗೆ ಕಾದ ಕಲ್ಲುಹಾಸಿಗೆಂದು ಮಕ್ಕಳಿಗೆ ಒಂದು ಜೊತೆ ಕಾಲುಚೀಲ ಇಟ್ಟುಕೊಂಡದ್ದು ನನ್ನ ಬದುಕಿನ ಅಪರೂಪದ ಮುಂದಾಲೋಚನೆ.

ಚಿಲ್ಲರೆಯನ್ನು ಬೇರೆ ಪರ್ಸಿನಲ್ಲಿ ಇಡಿ. ಬಸ್ಸಿನಲ್ಲಿ ಈಗ ಮೊಬೈಲಿನಿಂದಲೂ ಹಣ ಕೊಡಬಹುದು, ಆದರೆ ಶೌಚಾಲಯದ ಬಾಗಿಲಲ್ಲಿ ಕುಳಿತವರಿಗೆ ಬೇಕಾದದ್ದು ನಾಣ್ಯ. ಮಗನ ಜೇಬಿನಲ್ಲಿ ನಮ್ಮಿಬ್ಬರ ಫೋನ್ ನಂಬರು ಬರೆದ ಚೀಟಿ ಇಟ್ಟು, ಕೈ ತಪ್ಪಿದರೆ ಹುಡುಕಿಕೊಂಡು ಹೋಗಬೇಡ, ನಿಂತಲ್ಲೇ ನಿಂತಿರು ಎಂದು ಹೇಳಿಕೊಟ್ಟಿದ್ದೆವು.

ಆಧಾರ್ ಕಾರ್ಡು ಮೇಲಿನ ಜೇಬಿನಲ್ಲಿರಲಿ. 2023ರ ಜೂನ್ 11ರಿಂದ ನಡೆಯುತ್ತಿರುವ ಶಕ್ತಿ ಯೋಜನೆಯಲ್ಲಿ ಕರ್ನಾಟಕದ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತ. ರಾಜ್ಯದ ವಿಳಾಸವಿರುವ ಗುರುತಿನ ಚೀಟಿ ತೋರಿಸಬೇಕು. ಐರಾವತ, ರಾಜಹಂಸ ಮುಂತಾದ ಐಷಾರಾಮಿ ಬಸ್ಸುಗಳಿಗೆ ಇದು ಅನ್ವಯಿಸುವುದಿಲ್ಲ. ಕಂಡಕ್ಟರ್ ಕೊಡುವ ಶೂನ್ಯ ಟಿಕೆಟ್ಟನ್ನು ಇಳಿಯುವವರೆಗೂ ಜೋಪಾನ ಮಾಡಿ, ದುಡ್ಡು ಕೊಡದಿದ್ದರೂ ಅದು ಟಿಕೆಟ್ಟೇ. ಮೊದಲ ಸಲ ನಾನು ಅತ್ತೆಯ ಕಾರ್ಡನ್ನು ಚೀಲದ ತಳದಲ್ಲಿ, ಸ್ವೆಟರಿನ ಕೆಳಗೆ ಹುಗಿದಿದ್ದೆ. ತುಂಬಿದ ಬಸ್ಸಿನಲ್ಲಿ ಸ್ವೆಟರು, ಟವೆಲು, ಚಕ್ಕುಲಿ ಡಬ್ಬಿ ಎಲ್ಲವೂ ಪಕ್ಕದವರ ಮಡಿಲು ಸೇರಿದ ಮೇಲೆ ಕಾರ್ಡು ಸಿಕ್ಕಿತು. ಡಬ್ಬಿ ಹಿಡಿದುಕೊಂಡಿದ್ದ ಅಜ್ಜಿ ಒಂದು ಚಕ್ಕುಲಿ ತಿಂದರು, ಅದು ನ್ಯಾಯವೇ.

ಶನಿವಾರ: ಬೆಟ್ಟ

ರೈಲಿಳಿದು, ಆಟೊದಲ್ಲಿ ಕೋಣೆ ಸೇರಿ, ಊಟ ಮಾಡಿ ಮಲಗಿಬಿಡಿ. ಆಟೊ ಹಿಡಿದರೆ ವ್ರತಭಂಗವಾಯಿತೆಂದು ಕೊರಗಬೇಡಿ. ಚೀಲ ಹೊತ್ತ ಐವರಿಗೆ ಆ ಎರಡು ಕಿಲೋಮೀಟರ್ ಬಸ್ಸು ಬದಲಿಸುವುದರಲ್ಲಿ ಉಳಿಯುವ ದುಡ್ಡಿಗಿಂತ ಕೆಡುವ ಮುಖಗಳೇ ಹೆಚ್ಚು.

ಮೂರು ಗಂಟೆಯ ಹೊತ್ತಿಗೆ ನಗರ ಬಸ್ ನಿಲ್ದಾಣಕ್ಕೆ ಬನ್ನಿ. ಚಾಮುಂಡಿ ಬೆಟ್ಟಕ್ಕೆ 201ನೇ ನಂಬರಿನ ಬಸ್ಸು. ಎಲ್ಲಿ ನಿಲ್ಲುತ್ತದೆಂದು ಅಲ್ಲೇ ಕೇಳಿ, ಹೊರಡುವ ಜಾಗದಲ್ಲೇ ಹತ್ತಿದರೆ ಎಲ್ಲರಿಗೂ ಸೀಟು ಸಿಗುತ್ತದೆ. ಗಂಡಸರು ಒಂದು ಬಾಗಿಲಿನಿಂದ, ಹೆಂಗಸರು ಇನ್ನೊಂದರಿಂದ ಹತ್ತಿ ನಡುವೆ ಜನ ತುಂಬಿಕೊಂಡರೆ ಯಾರು ಯಾರ ಟಿಕೆಟ್ ತೆಗೆಯಬೇಕೆಂಬ ಗೊಂದಲ ಶುರುವಾಗುತ್ತದೆ. ಹತ್ತುವ ಮುಂಚೆಯೇ ಮಾತಾಡಿಕೊಳ್ಳಿ. ಎಳೆಯ ಮಗನಿಗೆ ಬಸ್ಸಿನಲ್ಲಿ ಟಿಕೆಟ್ಟಿಲ್ಲ, ನಾವು ಮೂವರು ಹೆಂಗಸರಿಗೆ ಶೂನ್ಯ ಟಿಕೆಟ್. ಐವರಲ್ಲಿ ದುಡ್ಡು ಕೊಟ್ಟವರು ನನ್ನ ಗಂಡ ಒಬ್ಬರೇ. ಅದನ್ನು ಅವರು ಎರಡು ದಿನವೂ ಎಲ್ಲರಿಗೂ ನೆನಪಿಸಿದರು.

ದೇವಸ್ಥಾನದ ಬಾಗಿಲು ಮಧ್ಯಾಹ್ನ ಕೆಲಹೊತ್ತು ಹಾಕಿರುತ್ತದೆ, ನಾವು ತಲುಪುವ ಹೊತ್ತಿಗೆ ತೆರೆದಿತ್ತು. ಮಹಿಷಾಸುರನ ಮುಂದೆ ನಿಂತ ಮಗ ಅವನ ಒಂದು ಕೈಯಲ್ಲಿ ಕತ್ತಿ, ಇನ್ನೊಂದರಲ್ಲಿ ಹಾವು ಇರುವುದನ್ನು ನೋಡಿ, "ಹಾವು ಕಚ್ಚುವುದಿಲ್ಲವಾ ಅಜ್ಜಿ?" ಎಂದು ಕೇಳಿದ. ಅತ್ತೆಗೆ ಅರ್ಧ ಗಂಟೆಯ ಕಥೆಗೆ ಅಷ್ಟು ಸಾಕಾಯಿತು.

ಎಲ್ಲರೂ ಎಲ್ಲವನ್ನೂ ಒಟ್ಟಿಗೇ ನೋಡಬೇಕೆಂಬ ಹಟ ಬಿಡುವುದಕ್ಕೆ ಬೆಟ್ಟವೇ ಸರಿಯಾದ ಜಾಗ. ಮೇಲಿನಿಂದ ಸುಮಾರು ಮುನ್ನೂರು ಮೆಟ್ಟಿಲು ಇಳಿದರೆ ಏಕಶಿಲೆಯ ದೊಡ್ಡ ನಂದಿ. ಬೆಟ್ಟದ ಪಾದದವರೆಗೆ ಒಟ್ಟು ಸಾವಿರದಷ್ಟು ಮೆಟ್ಟಿಲುಗಳಿವೆ. ಗಂಡ ಮತ್ತು ಮಗಳು ಮೆಟ್ಟಿಲಿಳಿದು ಹೋದರು, ನಾವು ಮೂವರು ಬಸ್ಸಿನಲ್ಲೇ ಇಳಿದು ಕೋಣೆಗೆ ಬಂದೆವು. ಮೆಟ್ಟಿಲಿಳಿಯುವವರು ಕತ್ತಲಾಗುವ ಮುನ್ನ ಪಾದ ಮುಟ್ಟುವಂತೆ ಹೊರಡಬೇಕು, ಎಲ್ಲಿ ಸೇರುವುದೆಂದು ಮೊದಲೇ ಗೊತ್ತುಮಾಡಿಕೊಳ್ಳಬೇಕು.

ಭಾನುವಾರ: ಮೃಗಾಲಯ, ಅರಮನೆ

1892ರಲ್ಲಿ ಶುರುವಾದ ಮೃಗಾಲಯ ಬೆಳಗ್ಗೆ ಎಂಟೂವರೆಗೆ ತೆರೆಯುತ್ತದೆ. ಎಂಟೂಕಾಲಿಗೆ ಬಾಗಿಲಲ್ಲಿರಿ. ಎರಡು ಲಾಭ: ಟಿಕೆಟ್ ಸಾಲು ಚಿಕ್ಕದು, ಪ್ರಾಣಿಗಳು ಎಚ್ಚರವಾಗಿರುತ್ತವೆ. ಹನ್ನೊಂದರ ಮೇಲೆ ಬಂದವರು ಮಲಗಿದ ಹುಲಿಯ ಬೆನ್ನು ನೋಡುತ್ತಾರೆ. ಒಳಗಿನ ದಾರಿ ಬಾಣದ ಗುರುತು ಹಿಡಿದು ಸುತ್ತು ಹಾಕಿಸುತ್ತದೆ, ಅರ್ಧಕ್ಕೆ ಸಾಕೆನಿಸಿದರೂ ಹಿಂದಿರುಗುವುದು ಅಷ್ಟು ಸುಲಭವಲ್ಲ. ಆದ್ದರಿಂದ ಹಿರಿಯರಿದ್ದರೆ ಮೊದಲು ಬ್ಯಾಟರಿ ಗಾಡಿಯ ಟಿಕೆಟ್ ವಿಚಾರಿಸಿ. ಅತ್ತೆ ಗಾಡಿಯಲ್ಲಿ ರಾಣಿಯಂತೆ ಸುತ್ತಿ ಬಂದು ನೆರಳಲ್ಲಿ ಕುಳಿತರು, ನಾವು ನಡೆದೆವು. ಜಿರಾಫೆ, ಗೊರಿಲ್ಲಾಗಳ ಮುಂದೆ ಬೇಕಾದಷ್ಟು ಹೊತ್ತು ನಿಲ್ಲಿ; ಹಕ್ಕಿಗಳ ಸಾಲಿನ ಮುಂದೆ ಮಕ್ಕಳು ಓಡಿದರೆ ಓಡಲಿ ಬಿಡಿ. ಕಾರಂಜಿ ಕೆರೆ ಪಕ್ಕದಲ್ಲೇ ಇದೆ ಎಂಬ ಆಸೆಗೆ ಬಿದ್ದು ಅದೇ ಬೆಳಗ್ಗೆ ಅದನ್ನೂ ಸೇರಿಸಿಕೊಳ್ಳಬೇಡಿ. ನಮ್ಮ ಮೊದಲ ಪ್ರವಾಸ ಮುರಿದದ್ದು ಅಲ್ಲೇ.

ಮಧ್ಯಾಹ್ನ ಮತ್ತೆ ಕೋಣೆ. ಮೂರೂವರೆಗೆ ಅರಮನೆ. ಅದು ಸಂಜೆ ಐದೂವರೆಗೆ ಮುಚ್ಚುತ್ತದೆ, ಹಾಗಾಗಿ ಇದಕ್ಕಿಂತ ತಡ ಮಾಡಬಾರದು. ಪ್ರವಾಸಿಗರ ಪ್ರವೇಶ ದಕ್ಷಿಣದ ವರಾಹ ದ್ವಾರದಿಂದ. ನಗರ ಬಸ್ ನಿಲ್ದಾಣದಿಂದ ನೋಡಿದರೆ ಅರಮನೆ ಎದುರಿಗೇ ಕಾಣುತ್ತದೆ, ಆದರೆ ಬಾಗಿಲು ಹಿಂದೆ ಸುತ್ತಿ ಬರುವಷ್ಟು ದೂರ. ಈ ಒಂದು ಸುತ್ತು ಅತ್ತೆಯ ಮಂಡಿಯ ಲೆಕ್ಕದಲ್ಲಿ ನಮಗೆ ಮೊದಲ ಸಲ ತಪ್ಪಿಹೋಗಿತ್ತು. ಈ ಸಲ ಆಟೊ. 1897ರಲ್ಲಿ ರಾಜಕುಮಾರಿಯ ಮದುವೆಯ ಹೊತ್ತಿನಲ್ಲಿ ಹಳೆಯ ಮರದ ಅರಮನೆ ಸುಟ್ಟುಹೋದ ಮೇಲೆ ಹೆನ್ರಿ ಇರ್ವಿನ್ ಎಂಬ ವಾಸ್ತುಶಿಲ್ಪಿಯ ವಿನ್ಯಾಸದಲ್ಲಿ ಕಟ್ಟಿದ್ದು ಇದು, 1912ರಲ್ಲಿ ಮುಗಿಯಿತು. ಈ ಬೆಂಕಿಯ ಕಥೆಯನ್ನು ಮೊದಲು ಹೇಳಿದರೆ ಮಕ್ಕಳು ಕಲ್ಯಾಣ ಮಂಟಪದಲ್ಲಿ ತಲೆಯೆತ್ತಿ ಗಾಜಿನ ನವಿಲುಗಳನ್ನು ನೋಡುವ ರೀತಿಯೇ ಬೇರೆ.

ಅರಮನೆ ಮುಚ್ಚುವುದಕ್ಕೂ ದೀಪ ಹತ್ತುವುದಕ್ಕೂ ನಡುವೆ ಒಂದೂವರೆ ಗಂಟೆ ಸಿಗುತ್ತದೆ. ಅದನ್ನು ದೇವರಾಜ ಮಾರುಕಟ್ಟೆಗೆ ಕೊಡಿ. ರಾಶಿ ರಾಶಿ ಕುಂಕುಮ, ಮೊಳದ ಲೆಕ್ಕದಲ್ಲಿ ಮಲ್ಲಿಗೆ, ವೀಳ್ಯದೆಲೆ, ಅದೃಷ್ಟವಿದ್ದರೆ ನಂಜನಗೂಡು ರಸಬಾಳೆ. ಮಗ್ಗುಲಿನ ಸಯ್ಯಾಜಿರಾವ್ ರಸ್ತೆಯಲ್ಲಿ ಮೈಸೂರು ಪಾಕ್. ಮಕ್ಕಳ ಹೊಟ್ಟೆ ತುಂಬಿಸಿಕೊಂಡೇ ದೀಪಕ್ಕೆ ಹೋಗಿ. ಏಳು ಗಂಟೆಗೆ ಸರಕ್ಕನೆ ಎಲ್ಲ ಬಲ್ಬುಗಳೂ ಒಟ್ಟಿಗೆ ಹತ್ತಿದಾಗ ಜನರಿಂದ ಹೊರಡುವ "ಹೋ" ಎಂಬ ಉದ್ಗಾರವನ್ನು ಮಗ ಮನೆಯಲ್ಲಿ ವಾರಗಟ್ಟಲೆ, ಕರೆಂಟ್ ಬಂದಾಗಲೆಲ್ಲ, ಅನುಕರಿಸಿದ.

ಕೆ.ಆರ್.ಎಸ್. ಯಾಕಿಲ್ಲ ಎಂದು ಗಂಡ ಕೇಳಿದ್ದರು. ಬೃಂದಾವನದ ಕಾರಂಜಿ ಕತ್ತಲಾದ ಮೇಲಿನದು. ಅದು ಮುಗಿದ ಕೂಡಲೇ ಎಲ್ಲರೂ ಒಂದೇ ಹೊತ್ತಿಗೆ ಬಸ್ಸಿಗೆ ಮುಗಿಬೀಳುತ್ತಾರೆ. ಮಲಗಿದ ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ಆ ನೂಕುನುಗ್ಗಲಿನಲ್ಲಿ ಬಸ್ಸು ಹತ್ತುವ ಹಂಬಲವಿದ್ದವರು ಹೋಗಬಹುದು.

ಮರಳುವಾಗ

ಭಾನುವಾರ ರಾತ್ರಿ ದೀಪ ನೋಡಿ ಹಾಗೆಯೇ ಸಬರ್ಬಿಗೆ ನಡೆದು ಬಸ್ಸು ಹತ್ತಬಹುದು, ದೂರವೇನಿಲ್ಲ. ಆದರೆ ಬೆಂಗಳೂರು ತಲುಪುವ ಹೊತ್ತಿಗೆ ಮೆಟ್ರೊ ನಿಂತಿರುತ್ತದೆ, ನಡುರಾತ್ರಿಯಲ್ಲಿ ಆಟೊದವರೊಡನೆ ಚೌಕಾಸಿ ಉಳಿಯುತ್ತದೆ. ನಾವು ಇನ್ನೊಂದು ರಾತ್ರಿ ಉಳಿದು ಸೋಮವಾರ ಹೊರಟೆವು. ಬೆಳಗಿನ ಮೊದಲ ಬಸ್ಸುಗಳಲ್ಲಿ ಬೆಂಗಳೂರಿನ ಕೆಲಸಕ್ಕೆ ಮರಳುವವರು ತುಂಬಿರುತ್ತಾರೆ. ಇಡ್ಲಿ ತಿಂದು, ಒಂಬತ್ತೂವರೆಯ ಮೇಲೆ ನಿಲ್ದಾಣಕ್ಕೆ ಹೋಗಿ.

ಕೆಂಪು ಬಸ್ಸು ಹತ್ತುವ ಮುನ್ನ ಕಂಡಕ್ಟರ್ ಬಳಿ ಎರಡು ಮಾತು ಕೇಳಿ: ಬೈಪಾಸ್ ಮೇಲೆ ನೇರ ಹೋಗುತ್ತದೆಯೋ, ಮಂಡ್ಯ, ಮದ್ದೂರು, ಚನ್ನಪಟ್ಟಣದ ಒಳಗೆಲ್ಲ ಹೊಕ್ಕು ಹೋಗುತ್ತದೆಯೋ? ಕೊನೆಯ ನಿಲ್ದಾಣ ಯಾವುದು? ಊರೊಳಗೆ ಹೋಗುವ ಬಸ್ಸಿಗೆ ಹೊತ್ತು ಹೆಚ್ಚು, ಆದರೆ ಮಗುವಿಗೆ ಅವಸರವಾದಾಗ ನಿಲ್ದಾಣವೊಂದು ಸಿಗುತ್ತದೆ. ಮೈಸೂರು ರಸ್ತೆಯ ಸ್ಯಾಟಲೈಟ್ ನಿಲ್ದಾಣದಲ್ಲಿ ಇಳಿದರೆ ದೀಪಾಂಜಲಿನಗರ ಮೆಟ್ರೊ ಹತ್ತಿರ.

ನಾವು ಅಲ್ಲೇ ಇಳಿದೆವು. ಮೆಟ್ರೊ ಲಿಫ್ಟಿನ ಮುಂದೆ ನಿಂತಾಗ ಅತ್ತೆ ನನ್ನ ಪರ್ಸಿನಿಂದ ಆ ಹಾಳೆ ತೆಗೆಸಿ, ಕನ್ನಡಕ ಏರಿಸಿ ಬಲಗಡೆಯ ಸಾಲನ್ನು ಮೇಲಿನಿಂದ ಕೆಳಗೆ ಓದಿದರು. "ಬಸ್ಸಿನಿಂದ ಮೆಟ್ರೊಗೆ ನಡೆದದ್ದನ್ನು ಬರೆದಿಲ್ಲವಲ್ಲ" ಎಂದರು. ಅಲ್ಲೇ ಬರೆದುಕೊಂಡೆ.